ಫೋನ್ ತೋರಿಸುವ ಎತ್ತರ ತಪ್ಪಿದಾಗ: ಸಮುದ್ರ ಮಟ್ಟದ ಅಳತೆಯಲ್ಲಿ ದೋಷ ಹುಡುಕುವ ಕ್ರಮ

ಮಲ್ಪೆಯ ಕಡಲ ದಂಡೆಯಲ್ಲಿ ನಿಂತವರ ಫೋನು ‘ಸಮುದ್ರ ಮಟ್ಟದಿಂದ ಮೈನಸ್ 85 ಮೀಟರ್’ ಎಂದು ತೋರಿಸುತ್ತದೆ. ಬೆಂಗಳೂರಿನ ಮನೆಯೊಂದರಲ್ಲಿ ಮೇಜಿನ ಮೇಲಿಟ್ಟ ಫೋನು ಕದಲದೆ ಇದ್ದರೂ ಬೆಳಿಗ್ಗೆ ಹತ್ತಕ್ಕೆ 905 ಮೀಟರ್, ಸಂಜೆ ನಾಲ್ಕಕ್ಕೆ 935 ಮೀಟರ್ ಎನ್ನುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಅಕ್ಕಪಕ್ಕ ನಿಂತ ಇಬ್ಬರ ಪೈಕಿ ಒಬ್ಬರ ಫೋನಿನಲ್ಲಿ 1,845 ಬಂದರೆ, ಇನ್ನೊಬ್ಬರದರಲ್ಲಿ 1,880 ಬರುತ್ತದೆ. ಇವು ಬೇರೆ ಬೇರೆ ಕಾರಣಗಳಿಂದ ಹುಟ್ಟುವ ತಪ್ಪುಗಳಾದ್ದರಿಂದ ಒಂದಕ್ಕೆ ಮಾಡುವ ಪರಿಹಾರ ಇನ್ನೊಂದನ್ನು ಕೆಡಿಸುತ್ತದೆ. ಆ್ಯಪ್ ಬದಲಿಸುವುದು, ಫೋನನ್ನು ಎಂಟರ ಆಕಾರದಲ್ಲಿ ತಿರುಗಿಸುವುದು, ರೀಸ್ಟಾರ್ಟ್ ಮಾಡುವುದು ಮುಂತಾದ ರೂಢಿಯ ಉಪಾಯಗಳಿಂದ ಇಲ್ಲಿ ಪ್ರಯೋಜನ ತೀರಾ ಕಡಿಮೆ. ಎಂಟರ ಆಕಾರದ ಚಲನೆ ದಿಕ್ಸೂಚಿಯನ್ನು ಸರಿಪಡಿಸಲು ಇರುವಂಥದ್ದು, ಅದಕ್ಕೂ ಎತ್ತರಕ್ಕೂ ಸಂಬಂಧವೇ ಇಲ್ಲ.

ದೋಷ ಹುಡುಕಲು ಹೊರಡುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು. ಫೋನಿನ ಪರದೆಯ ಮೇಲೆ ‘ಎತ್ತರ’ ಎಂಬ ಒಂದೇ ಹೆಸರಿನಲ್ಲಿ ಬರುವ ಸಂಖ್ಯೆಗೆ ಮೂರು ಮೂಲಗಳಿವೆ. ಮೊದಲನೆಯದು ಜಿಪಿಎಸ್, ಗ್ಲೋನಾಸ್, ಗೆಲಿಲಿಯೊ, ಬೈಡೂ, ನಾವಿಕ್ ಮುಂತಾದ ಉಪಗ್ರಹಗಳ ಸಂಕೇತಗಳಿಂದ ಲೆಕ್ಕ ಹಾಕಿದ ಎತ್ತರ. ಎರಡನೆಯದು ಫೋನಿನೊಳಗಿನ ಬ್ಯಾರೋಮೀಟರ್ ಅಳೆದ ವಾಯುಭಾರದಿಂದ ಪಡೆದ ಎತ್ತರ. ಮೂರನೆಯದು ನೀವಿರುವ ಅಕ್ಷಾಂಶ ರೇಖಾಂಶಗಳನ್ನು ಸರ್ವರ್‌ಗೆ ಕಳಿಸಿ ಅಲ್ಲಿನ ಭೂಎತ್ತರದ ನಕ್ಷೆಯಿಂದ ತಂದ ಎತ್ತರ. ಯಾವ ಸಂಖ್ಯೆ ಯಾವ ಮೂಲದ್ದು ಎಂಬುದನ್ನು ಬಹಳಷ್ಟು ಆ್ಯಪ್‌ಗಳು ಹೇಳುವುದಿಲ್ಲ, ಕೆಲವು ಎರಡು ಮೂರನ್ನು ಬೆರೆಸಿ ತೋರಿಸುತ್ತವೆ. ಆದ್ದರಿಂದ ಸಂಖ್ಯೆ ಎಷ್ಟು ತಪ್ಪಿದೆ ಎಂದು ಕೇಳುವುದಕ್ಕೂ ಮೊದಲು ಅದು ಎಲ್ಲಿಂದ ಬಂದಿದೆ ಎಂದು ಕೇಳಬೇಕು.

ಮೂಲವನ್ನು ಗುರುತಿಸುವುದು

ಇದಕ್ಕೆ ಬೇಕಾದ ಸಾಮಗ್ರಿ ಉಚಿತವಾಗಿಯೇ ಸಿಗುತ್ತದೆ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಫೈಫಾಕ್ಸ್ ಆ್ಯಪ್ ಬ್ಯಾರೋಮೀಟರಿನ ವಾಯುಭಾರವನ್ನು ಯಾವ ತಿದ್ದುಪಡಿಯೂ ಇಲ್ಲದೆ ಹೆಕ್ಟೋಪಾಸ್ಕಲ್‌ಗಳಲ್ಲಿ ತೋರಿಸುತ್ತದೆ. ಫೋನಿನಲ್ಲಿ ಬ್ಯಾರೋಮೀಟರ್ ಇಲ್ಲದಿದ್ದರೆ ಆ ಪ್ರಯೋಗ ತೆರೆಯುವುದೇ ಇಲ್ಲ, ಅಲ್ಲಿಗೆ ಒಂದು ಪ್ರಶ್ನೆ ಬಗೆಹರಿಯಿತು. ಕಡಿಮೆ ಬೆಲೆಯ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಈ ಸೆನ್ಸರ್ ಇರುವುದಿಲ್ಲ. ಐಫೋನ್‌ಗಳಲ್ಲಿ ಅದು ಮೊದಲು ಬಂದದ್ದು 2014ರ ಐಫೋನ್ 6ರಲ್ಲಿ. ಆಂಡ್ರಾಯ್ಡ್ ಬಳಸುವವರಿಗೆ ಜಿಪಿಎಸ್‌ಟೆಸ್ಟ್ ಎಂಬ ಆ್ಯಪ್ ಇನ್ನೊಂದು ಅಗತ್ಯ ಸಾಧನ: ಅದು ಉಪಗ್ರಹಗಳ ಸಂಖ್ಯೆ, ಲಂಬ ನಿಖರತೆಯ ಅಂದಾಜು ಇವುಗಳ ಜೊತೆಗೆ ಎತ್ತರವನ್ನು ಎರಡು ಪ್ರತ್ಯೇಕ ಸಾಲುಗಳಲ್ಲಿ ಕೊಡುತ್ತದೆ. ಒಂದು ಸಾಲು ಉಪಗ್ರಹ ಕೊಟ್ಟ ಮೂಲ ಎತ್ತರ, ಇನ್ನೊಂದು ಸಮುದ್ರ ಮಟ್ಟಕ್ಕೆ ತಿದ್ದಿದ ಎತ್ತರ.

ಈ ಆ್ಯಪ್‌ಗಳು ಕೈಯಲ್ಲಿಲ್ಲದಿದ್ದರೂ ಸಂಖ್ಯೆಯ ನಡತೆಯಿಂದಲೇ ಮೂಲವನ್ನು ಊಹಿಸಬಹುದು. ಬಹುಮಹಡಿ ಕಟ್ಟಡವೊಂದರ ನೆಲಮಹಡಿಯಿಂದ ನಾಲ್ಕನೆಯ ಮಹಡಿಗೆ ಮೆಟ್ಟಿಲು ಹತ್ತಿ ಹೋಗಿ. ಸಂಖ್ಯೆ ಹನ್ನೆರಡು ಮೀಟರಿನಷ್ಟು ನಯವಾಗಿ ಏರಿದರೆ ಅದು ಬ್ಯಾರೋಮೀಟರ್. ಎಲ್ಲಿ ನಿಂತರೂ ಒಂದೇ ಸಂಖ್ಯೆ ಬಂದರೆ, ಇಂಟರ್ನೆಟ್ ಆರಿಸಿದೊಡನೆ ಅದು ಮಾಯವಾದರೆ, ಅದು ನಕ್ಷೆಯ ಎತ್ತರ. ನಿಂತಲ್ಲೇ ನಿಂತಿದ್ದರೂ ಹತ್ತಿಪ್ಪತ್ತು ಮೀಟರ್ ಮೇಲೆ ಕೆಳಗೆ ಹೊಯ್ದಾಡಿದರೆ, ಕಟ್ಟಡದೊಳಗೆ ಇನ್ನಷ್ಟು ಕೆಟ್ಟರೆ, ಅದು ಉಪಗ್ರಹದ್ದು. ಸಂಖ್ಯೆ ಸರಿಯಾಗಿ 0 ಎಂದಿದ್ದರೆ ಫೋನಿಗೆ ಎತ್ತರವೇ ಸಿಕ್ಕಿಲ್ಲ; ಮೊಬೈಲ್ ಟವರ್ ಅಥವಾ ವೈಫೈ ಆಧರಿಸಿ ಸ್ಥಳ ಗುರುತಿಸಿದಾಗ ಎತ್ತರದ ಜಾಗ ಖಾಲಿ ಉಳಿಯುತ್ತದೆ, ಆ ಖಾಲಿಯನ್ನು ಕೆಲವು ಆ್ಯಪ್‌ಗಳು ಸೊನ್ನೆ ಎಂದು ಬರೆದುಬಿಡುತ್ತವೆ. ಇಂಥ ಸಂದರ್ಭದಲ್ಲಿ ಆ್ಯಪ್‌ಗೆ ಕೊಟ್ಟ ಅನುಮತಿಯಲ್ಲಿ ‘ನಿಖರ ಸ್ಥಳ’ ಆನ್ ಆಗಿದೆಯೇ ಎಂದು ನೋಡಬೇಕು. ಐಓಎಸ್ 14 ಮತ್ತು ಆಂಡ್ರಾಯ್ಡ್ 12ರಿಂದೀಚೆಗೆ ಬಳಕೆದಾರರು ಕೇವಲ ಅಂದಾಜು ಸ್ಥಳವನ್ನು ಕೊಡಲು ಅವಕಾಶವಿದ್ದು, ಹಾಗೆ ಕೊಟ್ಟವರು ನಂಬುವಂಥ ಎತ್ತರವನ್ನು ಅಪೇಕ್ಷಿಸುವಂತಿಲ್ಲ. ಸಂಖ್ಯೆ ಮೂರು ಪಟ್ಟಿಗಿಂತ ಹೆಚ್ಚಾಗಿ ಕಂಡರೆ ಆ್ಯಪ್ ಅಡಿಗಳಲ್ಲಿ ತೋರಿಸುತ್ತಿದೆ ಎಂದಷ್ಟೇ ಅರ್ಥ.

ಎಂಬತ್ತಾರು ಮೀಟರಿನ ವ್ಯತ್ಯಾಸ

ದಕ್ಷಿಣ ಭಾರತದಲ್ಲಿ ಅತಿ ಹೆಚ್ಚು ಜನರನ್ನು ಕಾಡುವ ದೋಷ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ನೋಡುವುದು ಒಳಿತು. ಉಪಗ್ರಹಗಳ ಲೆಕ್ಕಕ್ಕೆ ಸಮುದ್ರ ಎಂಬುದೊಂದು ಗೊತ್ತಿಲ್ಲ. ಅವು ಎತ್ತರವನ್ನು ಅಳೆಯುವುದು ಡಬ್ಲ್ಯೂಜಿಎಸ್ 84 ಎಂಬ, ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗಣಿತದ ಗೋಳದ ಮೇಲ್ಮೈಯಿಂದ. ಇದಕ್ಕೆ ಎಲಿಪ್ಸಾಯ್ಡ್ ಎಂದು ಹೆಸರು. ನಿಜವಾದ ಸಮುದ್ರದ ಮೇಲ್ಮೈ ಗುರುತ್ವಾಕರ್ಷಣೆಗೆ ಅನುಗುಣವಾಗಿ ಕೆಲವೆಡೆ ಈ ಗೋಳಕ್ಕಿಂತ ಉಬ್ಬಿ, ಕೆಲವೆಡೆ ತಗ್ಗಿ ನಿಂತಿರುತ್ತದೆ. ಆ ಏರಿಳಿತದ ಮೇಲ್ಮೈಯನ್ನು ನೆಲದ ಅಡಿಗೂ ಮುಂದುವರಿಸಿ ಕಲ್ಪಿಸಿಕೊಂಡದ್ದೇ ಜಿಯಾಯ್ಡ್. ಇಡೀ ಭೂಮಿಯಲ್ಲಿ ಈ ಮೇಲ್ಮೈ ಅತ್ಯಂತ ತಗ್ಗಿರುವುದು ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಅದು ಎಲಿಪ್ಸಾಯ್ಡ್‌ಗಿಂತ ಸುಮಾರು 106 ಮೀಟರ್ ಕೆಳಗಿದೆ. ಭೂಗರ್ಭದಿಂದ ಮೇಲೇಳುವ ಬಿಸಿಯಾದ, ಹಗುರವಾದ ಶಿಲಾರಾಶಿ ಈ ತಗ್ಗಿಗೆ ಕಾರಣವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೂವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾದಿಸಿದ್ದಾರೆ. ಕರ್ನಾಟಕ ಇದೇ ತಗ್ಗಿನ ಇಳಿಜಾರಿನಲ್ಲಿ ಇರುವುದರಿಂದ ರಾಜ್ಯದ ದಕ್ಷಿಣ ಭಾಗದಲ್ಲಿ ಈ ಅಂತರ 80ರಿಂದ 90 ಮೀಟರಿನಷ್ಟಿದೆ, ಉತ್ತರಕ್ಕೆ ಹೋದಂತೆ ಕಡಿಮೆಯಾಗುತ್ತದೆ.

ಇದಕ್ಕೆ ನಮ್ಮ ಊರಿನಲ್ಲೇ ಒಂದು ಗಟ್ಟಿ ಸಾಕ್ಷಿಯಿದೆ. ಅಂತರರಾಷ್ಟ್ರೀಯ ಉಪಗ್ರಹ ಮಾಪನ ಜಾಲಕ್ಕೆ ಸೇರಿದ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕಾಯಂ ನಿಲ್ದಾಣದ ಎತ್ತರ ಎಲಿಪ್ಸಾಯ್ಡ್‌ನ ಲೆಕ್ಕದಲ್ಲಿ ಸುಮಾರು 844 ಮೀಟರ್. ಅದೇ ಜಾಗ ಸಮುದ್ರ ಮಟ್ಟದಿಂದ ಸುಮಾರು 930 ಮೀಟರ್ ಎತ್ತರದಲ್ಲಿದೆ. ಲಕ್ಷಾಂತರ ರೂಪಾಯಿಯ ಉಪಕರಣಕ್ಕೂ ಬರುವ ಈ 86 ಮೀಟರಿನ ಅಂತರವನ್ನು ಫೋನಿನ ದೋಷ ಎಂದು ಕರೆಯಲಾಗದು. ಯಾವ ಮೇಲ್ಮೈಯಿಂದ ಅಳೆದದ್ದು ಎಂದು ಹೇಳದೆ ಸಂಖ್ಯೆಯನ್ನು ಮಾತ್ರ ತೋರಿಸುವ ಆ್ಯಪ್‌ನ ದೋಷ ಅದು.

ಐಫೋನ್ ತನ್ನ ಆ್ಯಪ್‌ಗಳಿಗೆ ಸಾಮಾನ್ಯವಾಗಿ ಕೊಡುವುದು ಸಮುದ್ರ ಮಟ್ಟದ ಎತ್ತರವನ್ನೇ. ಆಂಡ್ರಾಯ್ಡ್‌ನಲ್ಲಿ ಮೂಲತಃ ಸಿಗುವುದು ಎಲಿಪ್ಸಾಯ್ಡ್‌ನ ಎತ್ತರ; 2023ರಲ್ಲಿ ಬಂದ ಆಂಡ್ರಾಯ್ಡ್ 14ರಿಂದ ಸಮುದ್ರ ಮಟ್ಟದ ಎತ್ತರವೂ ಪ್ರತ್ಯೇಕವಾಗಿ ಲಭ್ಯವಿದೆಯಾದರೂ ಅದನ್ನು ಬಳಸಿಕೊಳ್ಳುವುದು ಬಿಡುವುದು ಆ್ಯಪ್ ಬರೆದವರಿಗೆ ಬಿಟ್ಟದ್ದು. ಹೀಗಾಗಿ ಒಂದೇ ಫೋನಿನಲ್ಲಿ ಎರಡು ಆ್ಯಪ್‌ಗಳು 86 ಮೀಟರ್ ಅಂತರದ ಎರಡು ಸಂಖ್ಯೆಗಳನ್ನು ತೋರಿಸಬಹುದು. ದೋಷದ ಗುರುತು ಸುಲಭ: ಸಂಖ್ಯೆ ಯಾವಾಗಲೂ, ಎಲ್ಲ ಕಡೆ, 80ರಿಂದ 90 ಮೀಟರ್ ಕಡಿಮೆ ಬರುತ್ತದೆ. ಮಲ್ಪೆಯ ಮೈನಸ್ 85, ಮುಳ್ಳಯ್ಯನಗಿರಿಯ 1,845 ಎರಡೂ ಇದರ ಫಲವೇ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ‘ಜಿಯಾಯ್ಡ್ ತಿದ್ದುಪಡಿ’, ‘ಇಜಿಎಂ 96’ ಅಥವಾ ‘ಸರಾಸರಿ ಸಮುದ್ರ ಮಟ್ಟ’ ಎಂಬ ಆಯ್ಕೆಯನ್ನು ಹುಡುಕಿ ಆನ್ ಮಾಡಿದರೆ ದೋಷ ನಿವಾರಣೆಯಾಗುತ್ತದೆ. ಅಂಥ ಆಯ್ಕೆ ಇಲ್ಲದ ಆ್ಯಪ್‌ನಲ್ಲಿ ಕೈಯಿಂದಲೇ ನಿಗದಿತ ಅಂತರವನ್ನು ಸೇರಿಸಬಹುದು, ಆದರೆ ಬೆಂಗಳೂರಿಗೆ ಹಾಕಿದ ಸಂಖ್ಯೆ ದೆಹಲಿಯಲ್ಲಿ ಸಲ್ಲದು. ಅಲ್ಲಿನ ಅಂತರ 50 ಮೀಟರಿನ ಆಸುಪಾಸಿನದು.

ತದ್ವಿರುದ್ಧವಾದ ತೊಂದರೆಯೂ ಉಂಟು. ಹಿಂದೆ ಯಾವಾಗಲೋ ಕೈಯಿಂದ 86 ಸೇರಿಸಿದ್ದ ಆ್ಯಪ್, ಅಪ್‌ಡೇಟ್ ಆದ ಮೇಲೆ ತಾನೇ ತಿದ್ದುಪಡಿ ಮಾಡತೊಡಗಿದರೆ, ಎತ್ತರ 86 ಮೀಟರ್ ಹೆಚ್ಚಾಗಿ ಕಾಣುತ್ತದೆ. ಬೆಂಗಳೂರಿನ 920 ಮೀಟರಿನ ಬಡಾವಣೆ 1,006 ಮೀಟರ್ ಎಂದು ಬಂದರೆ ಎರಡು ಸಲ ತಿದ್ದುಪಡಿಯಾಗಿದೆ ಎಂದು ತಿಳಿಯಬೇಕು. ಚಾರಣದ ದಾಖಲೆಯನ್ನು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಈ ಇಮ್ಮಡಿ ತಿದ್ದುಪಡಿ ಆಗುವ ಸಂಭವ ಹೆಚ್ಚು.

ಉಪಗ್ರಹದ ಎತ್ತರ ಹೊಯ್ದಾಡಿದರೆ

ಉಪಗ್ರಹಗಳಿಂದ ಸಿಗುವ ಎತ್ತರ ಅಡ್ಡಡ್ಡ ಸ್ಥಾನಕ್ಕಿಂತ ಯಾವಾಗಲೂ ಕಡಿಮೆ ನಿಖರ. ಸುತ್ತಲಿನ ನಾಲ್ಕೂ ದಿಕ್ಕುಗಳಲ್ಲಿ ಉಪಗ್ರಹಗಳಿರುವುದರಿಂದ ಅಡ್ಡ ದಿಕ್ಕಿನ ತಪ್ಪುಗಳು ಒಂದನ್ನೊಂದು ಸರಿದೂಗಿಸುತ್ತವೆ; ಕಾಲ ಕೆಳಗಿನ ಉಪಗ್ರಹಗಳನ್ನು ಭೂಮಿಯೇ ಮರೆಮಾಡುವುದರಿಂದ ಲಂಬ ದಿಕ್ಕಿನಲ್ಲಿ ಆ ಅನುಕೂಲವಿಲ್ಲ. ತೆರೆದ ಆಕಾಶದಡಿ ಅಡ್ಡ ತಪ್ಪು ಐದು ಮೀಟರ್ ಇದ್ದರೆ ಎತ್ತರದ ತಪ್ಪು ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಮೀಟರ್ ಆಗುವುದು ಸಹಜ, ಅದನ್ನು ರಿಪೇರಿ ಮಾಡಲು ಹೊರಡಬಾರದು.

ಅದಕ್ಕಿಂತ ಹೆಚ್ಚು ಹೊಯ್ದಾಟವಿದ್ದರೆ ಮೊದಲು ಆಕಾಶ ನೋಡಬೇಕು. ಚಾರ್ಮಾಡಿ, ಶಿರಾಡಿಯಂಥ ಘಾಟಿಗಳ ಕಡಿದಾದ ಗೋಡೆಯ ಪಕ್ಕದಲ್ಲಿ, ಗಾಜಿನ ಮುಖದ ಎತ್ತರದ ಕಟ್ಟಡಗಳ ನಡುವೆ, ಮಳೆಗೆ ತೊಯ್ದ ದಟ್ಟ ಕಾಡಿನ ಕೆಳಗೆ ಸಂಕೇತಗಳು ನೇರವಾಗಿ ಬಾರದೆ ಬಂಡೆಗೋ ಗಾಜಿಗೋ ಬಡಿದು ಬಳಸಿ ಬರುತ್ತವೆ, ಆ ಹೆಚ್ಚುವರಿ ದೂರವೇ ತಪ್ಪಾಗಿ ಪರಿಣಮಿಸುತ್ತದೆ. ಫೋನ್ ಈಗಷ್ಟೇ ಆನ್ ಆಗಿದ್ದರೆ ಉಪಗ್ರಹಗಳು ಪ್ರಸಾರ ಮಾಡುವ ಕಕ್ಷೆಯ ವಿವರಗಳನ್ನು ಪಡೆಯಲು ಅರ್ಧ ನಿಮಿಷವಾದರೂ ಬೇಕು, ಇಂಟರ್ನೆಟ್ ಇಲ್ಲದ ಕಡೆ ಇನ್ನೂ ಹೆಚ್ಚು. ಎತ್ತರ ಸಿಗಬೇಕಾದರೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಒಟ್ಟಿಗೆ ಬರಬೇಕು. ಬಯಲಿನಲ್ಲಿ ಫೋನನ್ನು ಮುಖ ಮೇಲಾಗಿ ಇಟ್ಟು, ಹತ್ತು ಹದಿನೈದು ನಿಮಿಷ ಬಿಟ್ಟು, ಬಂದ ಸಂಖ್ಯೆಗಳ ಸರಾಸರಿ ತೆಗೆದುಕೊಳ್ಳುವುದು ಈ ದೋಷಕ್ಕೆ ಇರುವ ಅತ್ಯುತ್ತಮ ಮದ್ದು. ಒಂದೇ ಕ್ಷಣದ ಸಂಖ್ಯೆಯನ್ನು ಫೋಟೊ ತೆಗೆದು ಇಟ್ಟುಕೊಳ್ಳುವುದರಿಂದ ಏನೂ ಸಿದ್ಧವಾಗುವುದಿಲ್ಲ.

ಬಯಲಿನಲ್ಲೂ, ಸಾಕಷ್ಟು ಉಪಗ್ರಹಗಳಿದ್ದೂ, ಮಧ್ಯಾಹ್ನದ ನಂತರ ಅಥವಾ ಸೂರ್ಯಾಸ್ತದ ಮೇಲಿನ ಕೆಲವು ಗಂಟೆ ಎತ್ತರ ಕೆಡುತ್ತಿದ್ದರೆ ಅದು ಅಯಾನುಗೋಳದ, ಅಂದರೆ ವಾತಾವರಣದ ಮೇಲ್ಭಾಗದಲ್ಲಿರುವ ವಿದ್ಯುದಾವೇಶದ ಕಣಗಳ ಪದರದ, ಪ್ರಭಾವವಿರಬಹುದು. ಭೂಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣದ ತುದಿಯ ಬಳಿ ಹಾದುಹೋಗುವುದರಿಂದ ನಮ್ಮ ಮೇಲಿನ ಅಯಾನುಗೋಳ ಹೆಚ್ಚು ಚಂಚಲ, ಅದರಲ್ಲೂ ಮಾರ್ಚ್, ಏಪ್ರಿಲ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಸಂಜೆಯ ನಂತರ. 2018ರಿಂದೀಚೆಗೆ ಕೆಲವು ಫೋನುಗಳಲ್ಲಿ ಬಂದಿರುವ ಎರಡು ಆವರ್ತನಗಳ, ಅಂದರೆ ಎಲ್1 ಮತ್ತು ಎಲ್5 ಎರಡನ್ನೂ ಸ್ವೀಕರಿಸುವ ಚಿಪ್‌ಗಳು ಈ ತೊಂದರೆಯನ್ನು ಮತ್ತು ಪ್ರತಿಫಲನದ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಹೊಸ ಫೋನ್ ಕೊಳ್ಳುವವರು ಎತ್ತರದ ಅಳತೆಯನ್ನು ಗಂಭೀರವಾಗಿ ಪರಿಗಣಿಸುವುದಾದರೆ ಕ್ಯಾಮೆರಾಗಿಂತ ಮೊದಲು ಇದನ್ನು ಮತ್ತು ಬ್ಯಾರೋಮೀಟರನ್ನು ವಿಚಾರಿಸಬೇಕೆಂದು ನನ್ನ ಸಲಹೆ.

ಬ್ಯಾರೋಮೀಟರಿನ ದೋಷಗಳು

ವಾಯುಭಾರದಿಂದ ಎತ್ತರ ಪಡೆಯುವ ವಿಧಾನವೇ ಫೋನಿನಲ್ಲಿ ಅತ್ಯಂತ ಸೂಕ್ಷ್ಮವಾದದ್ದು, ಅಷ್ಟೇ ಸುಲಭವಾಗಿ ದಾರಿ ತಪ್ಪಿಸುವಂಥದ್ದು ಕೂಡ. ಎತ್ತರಕ್ಕೆ ಹೋದಂತೆ ಗಾಳಿಯ ಭಾರ ಇಳಿಯುತ್ತದೆ: ಕರಾವಳಿಯಲ್ಲಿ ಒಂದು ಹೆಕ್ಟೋಪಾಸ್ಕಲ್ ಇಳಿಯಲು ಎಂಟೂವರೆ ಮೀಟರಿಗಿಂತ ತುಸು ಹೆಚ್ಚು, ಬೆಂಗಳೂರಿನಲ್ಲಿ ಸುಮಾರು ಒಂಬತ್ತೂವರೆ ಮೀಟರ್, ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಹತ್ತೂವರೆ ಮೀಟರ್ ಏರಬೇಕು. ಫೋನುಗಳಲ್ಲಿರುವ ಇಂದಿನ ಸೆನ್ಸರುಗಳು ಒಂದು ಹೆಕ್ಟೋಪಾಸ್ಕಲ್‌ನ ಹತ್ತನೆಯ ಒಂದು ಭಾಗದ ಬದಲಾವಣೆಯನ್ನು ಗುರುತಿಸುತ್ತವೆ, ಅಂದರೆ ಒಂದು ಮೀಟರಿನ ಏರಿಳಿತವೂ ತಿಳಿಯುತ್ತದೆ. ಆದರೆ ಅವು ಹೇಳುವ ಒಟ್ಟು ಭಾರದಲ್ಲಿ ಒಂದು ಹೆಕ್ಟೋಪಾಸ್ಕಲ್ ಅಥವಾ ಅದಕ್ಕೂ ಹೆಚ್ಚಿನ ಕಾಯಂ ತಪ್ಪು ಇರಬಹುದು. ಆದ್ದರಿಂದ ‘ಇಲ್ಲಿಂದ ಅಲ್ಲಿಗೆ ಎಷ್ಟು ಏರಿದೆ’ ಎಂಬ ಪ್ರಶ್ನೆಗೆ ಬ್ಯಾರೋಮೀಟರ್ ಒಳ್ಳೆಯ ಉತ್ತರ ಕೊಡುತ್ತದೆ, ‘ಇಲ್ಲಿಯ ಎತ್ತರವೆಷ್ಟು’ ಎಂಬುದಕ್ಕೆ ಹೊರಗಿನ ಆಧಾರವೊಂದು ಬೇಕೇ ಬೇಕು.

ಮೇಜಿನ ಮೇಲಿನ ಫೋನು ಬೆಳಿಗ್ಗೆ 905, ಸಂಜೆ 935 ಎಂದು ತೋರಿಸಿದ್ದಕ್ಕೆ ಕಾರಣ ಗಾಳಿಯ ದೈನಿಕ ಉಬ್ಬರವಿಳಿತ. ಉಷ್ಣವಲಯದಲ್ಲಿ ವಾಯುಭಾರ ಪ್ರತಿದಿನ ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿ, ಸಂಜೆ ಮತ್ತು ನಸುಕಿನ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಇಳಿಕೆ ಮೂರು ನಾಲ್ಕು ಹೆಕ್ಟೋಪಾಸ್ಕಲ್ ಇರಬಹುದು. ಫೋನು ಈ ಇಳಿಕೆಯನ್ನು ಏರಿಕೆ ಎಂದು ಓದುತ್ತದೆ. ಬೆಳಿಗ್ಗೆ ಹತ್ತಕ್ಕೆ ಬುಡದಲ್ಲಿ ಆ್ಯಪ್‌ನ ಸಂಖ್ಯೆಯನ್ನು ಅಲ್ಲಿನ ತಿಳಿದ ಎತ್ತರಕ್ಕೆ ಹೊಂದಿಸಿಕೊಂಡು ಸಂಜೆ ನಾಲ್ಕಕ್ಕೆ ಬೆಟ್ಟದ ತುದಿ ಮುಟ್ಟುವ ಚಾರಣಿಗರ ಲೆಕ್ಕದಲ್ಲಿ ಮೂವತ್ತು ಮೀಟರಿನಷ್ಟು ಹುಸಿ ಏರಿಕೆ ಸೇರಿರುತ್ತದೆ. ದೋಷ ಇದೇ ಎಂದು ಖಚಿತಪಡಿಸಿಕೊಳ್ಳಲು ಫೈಫಾಕ್ಸ್‌ನಲ್ಲಿ ಇಡೀ ದಿನದ ವಾಯುಭಾರವನ್ನು ಒಂದೇ ಜಾಗದಲ್ಲಿ ದಾಖಲಿಸಿ ನೋಡಬಹುದು; ದಿನಕ್ಕೆ ಎರಡು ಸಲ ಏರಿಳಿಯುವ ಗೆರೆ ಮೂಡಿದರೆ ಸೆನ್ಸರ್ ಆರೋಗ್ಯವಾಗಿದೆ ಎಂದೇ ಅರ್ಥ.

ಋತುವಿನ ಪ್ರಭಾವ ಇದರ ಮೇಲಿನದು. ಹೊಂದಾಣಿಕೆ ಮಾಡದ ಆ್ಯಪ್‌ಗಳು ಸಮುದ್ರ ಮಟ್ಟದ ವಾಯುಭಾರ 1013.25 ಎಂಬ ಪ್ರಮಾಣಿತ ಸಂಖ್ಯೆಯನ್ನು ಹಿಡಿದು ಲೆಕ್ಕ ಹಾಕುತ್ತವೆ. ಮುಂಗಾರಿನಲ್ಲಿ ಕರಾವಳಿಯ ವಾಯುಭಾರ 1008ಕ್ಕೆ, ವಾಯುಭಾರ ಕುಸಿತವಿದ್ದಾಗ ಅದಕ್ಕೂ ಕೆಳಗೆ ಇಳಿಯುವುದರಿಂದ ಜುಲೈಯಲ್ಲಿ ಕಡಲ ಮಟ್ಟದಲ್ಲೇ ಇರುವ ಫೋನು ನಲವತ್ತು ಮೀಟರಿಗಿಂತ ಹೆಚ್ಚಿನ ಎತ್ತರ ತೋರಿಸಬಹುದು. ಇದನ್ನು ತಪ್ಪಿಸಲು ಅಂದಿನ, ಆ ಹೊತ್ತಿನ ಸಮುದ್ರ ಮಟ್ಟದ ವಾಯುಭಾರವನ್ನು ಆ್ಯಪ್‌ಗೆ ಕೊಡಬೇಕು.

ಇಲ್ಲಿಯೇ ಹೆಚ್ಚಿನವರು ಎಡವುವುದು, ಹಾಗಾಗಿ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ‘ಸಮುದ್ರ ಮಟ್ಟದ ವಾಯುಭಾರ’ ಎಂಬ ಹೆಸರಿನಲ್ಲಿ ಎರಡು ಬೇರೆ ಸಂಖ್ಯೆಗಳು ಚಾಲ್ತಿಯಲ್ಲಿವೆ. ಹವಾಮಾನದ ನಕ್ಷೆ ಮತ್ತು ಹವಾಮಾನ ಆ್ಯಪ್‌ಗಳಲ್ಲಿ ಬರುವುದು ಸ್ಥಳದ ನಿಜವಾದ ಉಷ್ಣಾಂಶವನ್ನು ಲೆಕ್ಕಕ್ಕೆ ತೆಗೆದುಕೊಂಡು ಸಮುದ್ರ ಮಟ್ಟಕ್ಕೆ ಇಳಿಸಿದ ಸಂಖ್ಯೆ. ವಿಮಾನ ನಿಲ್ದಾಣಗಳ ಹವಾಮಾನ ವರದಿಯಲ್ಲಿ ‘ಕ್ಯೂಎನ್‌ಎಚ್’ ಎಂದು ಬರುವುದು ಪ್ರಮಾಣಿತ ವಾತಾವರಣದ ಉಷ್ಣಾಂಶವನ್ನೇ ಹಿಡಿದು ಇಳಿಸಿದ ಸಂಖ್ಯೆ. ಮಂಗಳೂರಿನಂಥ ತಗ್ಗು ಪ್ರದೇಶದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. 915 ಮೀಟರ್ ಎತ್ತರದ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹಗಲಿನ ಬಿಸಿಗೆ ಅವುಗಳ ನಡುವೆ ನಾಲ್ಕೈದು ಹೆಕ್ಟೋಪಾಸ್ಕಲ್ ಅಂತರ ಬೀಳುತ್ತದೆ. ಫೋನಿನ ಆ್ಯಪ್‌ಗಳು ಬಳಸುವ ಸೂತ್ರ ವಿಮಾನದ ಎತ್ತರಮಾಪಕದ ಸೂತ್ರವೇ ಆದ್ದರಿಂದ ಅವಕ್ಕೆ ಕೊಡಬೇಕಾದದ್ದು ಕ್ಯೂಎನ್‌ಎಚ್. ಅದರ ಬದಲು ಹವಾಮಾನ ಆ್ಯಪ್‌ನ ಸಂಖ್ಯೆ ಕೊಟ್ಟರೆ ಬೆಂಗಳೂರಿನಲ್ಲಿ ಎತ್ತರ ನಲವತ್ತು ಮೀಟರಿನಷ್ಟು ಕಡಿಮೆ ಬರುತ್ತದೆ, ಬಳಕೆದಾರರು ಸೆನ್ಸರನ್ನು ದೂರುತ್ತಾರೆ. ಇನ್ನು ಫೋನೇ ಅಳೆದ 911ರಂಥ ಸ್ಥಳೀಯ ವಾಯುಭಾರವನ್ನು ಸಮುದ್ರ ಮಟ್ಟದ ಜಾಗದಲ್ಲಿ ತುಂಬಿದರೆ ಎತ್ತರ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಇದು ಕೂಡ ಅಪರೂಪದ ತಪ್ಪೇನಲ್ಲ.

ಕ್ಯೂಎನ್‌ಎಚ್ ಕೂಡ ತನ್ನ ವಿಮಾನ ನಿಲ್ದಾಣದ ಎತ್ತರಕ್ಕೆ ಮಾತ್ರ ನಿಖರ. ಮಂಗಳೂರಿನ ಸಂಖ್ಯೆಯನ್ನು ಚಿಕ್ಕಮಗಳೂರಿನಲ್ಲಿ ಬಳಸಿದರೆ ಐವತ್ತು ಅರವತ್ತು ಮೀಟರ್ ಕಡಿಮೆ ಬರುತ್ತದೆ, ಏಕೆಂದರೆ ಪ್ರಮಾಣಿತ ವಾತಾವರಣ ನಮ್ಮ ಗಾಳಿಗಿಂತ ಬಹಳ ತಣ್ಣಗಿನದು. ಸಮುದ್ರ ಮಟ್ಟದಲ್ಲಿ 15 ಡಿಗ್ರಿ, ಪ್ರತಿ ಸಾವಿರ ಮೀಟರಿಗೆ 6.5 ಡಿಗ್ರಿ ಇಳಿಕೆ ಎಂಬುದು ಅದರ ಲೆಕ್ಕ. ಬಿಸಿಗಾಳಿ ಹಗುರವಾಗಿರುವುದರಿಂದ ಅಷ್ಟೇ ಎತ್ತರಕ್ಕೆ ಏರಿದರೂ ವಾಯುಭಾರ ಕಡಿಮೆ ಇಳಿಯುತ್ತದೆ, ಫೋನು ಏರಿಕೆಯನ್ನು ಕಡಿಮೆ ಎಣಿಸುತ್ತದೆ. ಗಾಳಿ ಪ್ರಮಾಣಿತಕ್ಕಿಂತ ಮೂರು ಡಿಗ್ರಿ ಬಿಸಿಯಿದ್ದರೆ ಏರಿಕೆಯಲ್ಲಿ ಸುಮಾರು ನೂರಕ್ಕೆ ಒಂದರಷ್ಟು ಕೊರತೆ ಎಂದು ನೆನಪಿಟ್ಟರೆ ಸಾಕು.

ಮುಳ್ಳಯ್ಯನಗಿರಿಯ 1,880 ಇದರ ಚೊಕ್ಕ ಉದಾಹರಣೆ. ಚಿಕ್ಕಮಗಳೂರು ಪಟ್ಟಣದಲ್ಲಿ 1,090 ಮೀಟರ್ ಎಂದು ಸರಿಯಾಗಿಯೇ ಹೊಂದಿಸಿಕೊಂಡು ಹೊರಟರೆ ತುದಿಗೆ 840 ಮೀಟರ್ ಏರಬೇಕು. ದಾರಿಯ ನಡುವಿನ 1,500 ಮೀಟರ್ ಎತ್ತರದಲ್ಲಿ ಪ್ರಮಾಣಿತ ಉಷ್ಣಾಂಶ ಸುಮಾರು 5 ಡಿಗ್ರಿ. ನಮ್ಮ ಗಾಳಿ ಅಲ್ಲಿ 22 ಡಿಗ್ರಿ ಇದೆಯೆಂದುಕೊಂಡರೆ ಹೆಚ್ಚಳ 17 ಡಿಗ್ರಿ, ಅಂದರೆ ಏರಿಕೆಯಲ್ಲಿ ನೂರಕ್ಕೆ ಆರರಷ್ಟು ಕೊರತೆ. 840ರ ಬದಲು 790 ಎಣಿಕೆಯಾಗಿ, ನೆತ್ತಿಯಲ್ಲಿ 1,880 ಬರುತ್ತದೆ. ಸೆನ್ಸರಿನಲ್ಲಾಗಲಿ ಹೊಂದಾಣಿಕೆಯಲ್ಲಾಗಲಿ ಯಾವ ದೋಷವೂ ಇಲ್ಲ. ಉಷ್ಣಾಂಶದ ತಿದ್ದುಪಡಿಗೆ ಅವಕಾಶವಿರುವ ಆ್ಯಪ್ ಬಳಸುವುದು, ಇಲ್ಲವೇ ದಾರಿಯಲ್ಲಿ ಎತ್ತರ ತಿಳಿದಿರುವ ಜಾಗ ಸಿಕ್ಕಿದಾಗಲೆಲ್ಲ ಮತ್ತೆ ಹೊಂದಿಸಿಕೊಳ್ಳುವುದು ಇದಕ್ಕೆ ಪರಿಹಾರ.

ಸುತ್ತಲಿನ ಗಾಳಿಯಿಂದಾಗುವ ತಪ್ಪುಗಳು ಬೇಗ ಪತ್ತೆಯಾಗುತ್ತವೆ. ಕಿಟಕಿ ಮುಚ್ಚಿ ಎಸಿ ಹಾಕಿದ ಕಾರಿನಲ್ಲಿ, ಸುರಂಗದೊಳಗಿನ ರೈಲಿನಲ್ಲಿ, ಬಾಗಿಲು ಬಡಿದ ಕ್ಷಣದಲ್ಲಿ ಸಂಖ್ಯೆ ಜಿಗಿಯುತ್ತದೆ. ವಿಮಾನದಲ್ಲಿ ಬ್ಯಾರೋಮೀಟರ್ ತೋರಿಸುವುದು ಒತ್ತಡ ಕಾಯ್ದಿಟ್ಟ ಕ್ಯಾಬಿನ್ನಿನ ಎತ್ತರವನ್ನು. ಹತ್ತು ಕಿಲೋಮೀಟರ್ ಮೇಲೆ ಹಾರುವಾಗಲೂ ಅದು ಎರಡು ಸಾವಿರ ಮೀಟರಿನ ಆಚೀಚೆಯೇ ಇರುತ್ತದೆ.

ಸೆನ್ಸರೇ ಕೆಟ್ಟಿದೆಯೇ ಎಂಬ ಪರೀಕ್ಷೆ

ಮೇಲಿನ ಎಲ್ಲವನ್ನೂ ಒಂದೊಂದಾಗಿ ತಳ್ಳಿಹಾಕಿದ ಮೇಲೆ ಮಾತ್ರ ಸೆನ್ಸರನ್ನು ಅನುಮಾನಿಸಬೇಕು. ಗಾಳಿಯಾಡದಂತೆ ಮುಚ್ಚಬಹುದಾದ ಜಿಪ್‌ಲಾಕ್ ಚೀಲವೊಂದರಲ್ಲಿ ಫೋನಿಟ್ಟು, ಒಳಗೆ ಸಾಕಷ್ಟು ಗಾಳಿ ಉಳಿಸಿ ಮುಚ್ಚಿ, ಫೈಫಾಕ್ಸ್‌ನ ವಾಯುಭಾರದ ಗೆರೆಯನ್ನು ನೋಡುತ್ತ ಚೀಲವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದೊಡನೆ ಗೆರೆ ಏರಬೇಕು, ಬಿಟ್ಟೊಡನೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಏರಿಕೆಯೇ ಇಲ್ಲದಿದ್ದರೆ ಸೆನ್ಸರ್ ಸತ್ತಿದೆ ಅಥವಾ ಅದರ ಗಾಳಿಕಿಂಡಿ ಪೂರ್ತಿ ಮುಚ್ಚಿದೆ. ಏರಿ, ನಿಧಾನವಾಗಿ ಹಲವು ಸೆಕೆಂಡುಗಳ ನಂತರ ಇಳಿದರೆ ಕಿಂಡಿ ಅರ್ಧ ಮುಚ್ಚಿದೆ. ನೀರುನಿರೋಧಕ ಫೋನುಗಳಲ್ಲಿ ಕಿಂಡಿಗೆ ತೆಳುವಾದ ಪೊರೆ ಇದ್ದು, ಮಳೆಯಲ್ಲಿ ನೆನೆದಾಗ ಅದರ ಮೇಲೆ ನೀರು ನಿಂತು ಗಾಳಿಗೆ ದಾರಿ ಇಲ್ಲದಂತಾಗುತ್ತದೆ. ಮಲೆನಾಡಿನ ಮಳೆಗಾಲದ ಚಾರಣದಲ್ಲಿ ಎತ್ತರ ಒಂದೇ ಸಂಖ್ಯೆಗೆ ಅಂಟಿಕೊಂಡು ನಿಂತರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಫೋನನ್ನು ಒರೆಸಿ, ಕವರ್ ತೆಗೆದು, ನೆರಳಿನಲ್ಲಿ ಒಣಗಲು ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೇರ್‌ಡ್ರೈಯರ್ ಹಿಡಿಯಬಾರದು, ಊದಬಾರದು, ಸಿಮ್ ತೆಗೆಯುವ ಪಿನ್ನನ್ನು ಸಿಮ್‌ನದಲ್ಲದ ಯಾವ ರಂಧ್ರಕ್ಕೂ ತೂರಿಸಬಾರದು. ಪೊರೆ ಹರಿದರೆ ನೀರುನಿರೋಧಕ ಗುಣ ಹೋಗುತ್ತದೆ, ಸೆನ್ಸರೂ ಹೋಗಬಹುದು.

ವಾಯುಭಾರ ಕಾಯಂ ಆಗಿ ಒಂದೆರಡು ಹೆಕ್ಟೋಪಾಸ್ಕಲ್ ಹೆಚ್ಚು ಕಡಿಮೆ ಬರುತ್ತಿದ್ದು, ಏರಿಳಿತ ಸರಿಯಾಗಿದ್ದರೆ ರಿಪೇರಿಯ ಅಗತ್ಯವಿಲ್ಲ. ಆ ಅಂತರವನ್ನು ಆ್ಯಪ್‌ನ ಹೊಂದಾಣಿಕೆಯಲ್ಲಿ ಕಳೆದುಕೊಂಡರೆ ಸಾಕು. ಪರದೆ ಅಥವಾ ಬ್ಯಾಟರಿ ಬದಲಿಸಿದ ನಂತರ ಎತ್ತರ ಕೆಟ್ಟಿದ್ದರೆ ಮಾತ್ರ, ಚೀಲದ ಪರೀಕ್ಷೆಯ ದಾಖಲೆಯನ್ನು ಉಳಿಸಿಕೊಂಡು, ಕೆಲಸ ಮಾಡಿದ ರಿಪೇರಿಯವರಿಗೇ ತೋರಿಸುವುದು ಸೂಕ್ತ.

ನಕ್ಷೆಯ ಎತ್ತರದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಉಚಿತ ನಕ್ಷೆಗಳಲ್ಲಿ ಹಲವು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ನಡೆದ ರೇಡಾರ್ ಸಮೀಕ್ಷೆಯನ್ನು ಆಧರಿಸಿವೆ. ಅದರ ಒಂದೊಂದು ಚುಕ್ಕೆ ಸುಮಾರು 30 ಮೀಟರ್ ಅಗಲದ್ದು. ಬಯಲುಸೀಮೆಯಲ್ಲಿ ಅದು ಫೋನಿನ ಯಾವ ಸೆನ್ಸರಿಗಿಂತಲೂ ನೆಚ್ಚಬಹುದಾದ ಸಂಖ್ಯೆ. ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ ರೇಡಾರ್ ನೆಲದ ಬದಲು ಮರಗಳ ಮೇಲ್ಭಾಗವನ್ನು ಕಂಡಿರುವುದರಿಂದ ಎತ್ತರ ಹೆಚ್ಚಾಗಿಯೂ, ಕಡಿದಾದ ಬಂಡೆಯ ತುದಿಯಲ್ಲಿ ಪಕ್ಕದ ಕಮರಿಯೂ ಲೆಕ್ಕಕ್ಕೆ ಸೇರಿ ಕಡಿಮೆಯಾಗಿಯೂ ಬರಬಹುದು.

ಸರಿಯಾದ ಎತ್ತರ ಎಲ್ಲಿ ಸಿಗುತ್ತದೆ

ಹೋಲಿಕೆಗೆ ನಂಬಲರ್ಹವಾದ ಎತ್ತರವಿಲ್ಲದೆ ಮೇಲಿನ ಯಾವ ಪರೀಕ್ಷೆಯೂ ಪೂರ್ಣವಾಗುವುದಿಲ್ಲ. ನಮ್ಮಲ್ಲಿ ಎಲ್ಲರಿಗೂ ಸುಲಭವಾಗಿ ಎಟುಕುವುದು ರೈಲು ನಿಲ್ದಾಣದ ಹಳದಿ ನಾಮಫಲಕ. ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎತ್ತರವನ್ನು ಬರೆದಿರುತ್ತಾರೆ. ಆ ಸಂಖ್ಯೆ ಹಳಿಯ ಮಟ್ಟದ್ದೇ ಪ್ಲಾಟ್‌ಫಾರ್ಮಿನದೇ ಎಂಬ ಒಂದೆರಡು ಮೀಟರಿನ ಪ್ರಶ್ನೆ ಫೋನಿನ ಹೊಂದಾಣಿಕೆಗೆ ಬಾಧಕವಲ್ಲ. ಇಂಥ ಎತ್ತರಗಳ ಹಿಂದೆ ಭಾರತೀಯ ಸರ್ವೇಕ್ಷಣಾ ಇಲಾಖೆ ಕಟ್ಟಿದ ಮಟ್ಟಗಳ ಜಾಲವಿದೆ. 1909ರಲ್ಲಿ ಹೊಂದಿಸಿದ ಆ ಜಾಲಕ್ಕೆ ಆಧಾರವಾದ ಒಂಬತ್ತು ಬಂದರುಗಳ ಕಡಲಮಟ್ಟದ ದಾಖಲೆಗಳಲ್ಲಿ ನಮ್ಮ ಕಾರವಾರದ್ದೂ ಒಂದು.

ಜಲಾಶಯಗಳ ನೀರಿನ ಮಟ್ಟ ಇನ್ನೊಂದು ಒಳ್ಳೆಯ ಆಧಾರ, ಇದನ್ನು ಬಳಸುವವರು ಕಡಿಮೆ. ಮಳೆಗಾಲದಲ್ಲಿ ಪತ್ರಿಕೆಗಳು ಪ್ರತಿದಿನ ಪ್ರಕಟಿಸುವ ಮಟ್ಟ ಹೆಚ್ಚಿನ ಜಲಾಶಯಗಳಿಗೆ ಸಮುದ್ರ ಮಟ್ಟದಿಂದಲೇ ಅಳೆದದ್ದು: ಹೇಮಾವತಿಯ ಗರಿಷ್ಠ 2,922 ಅಡಿ, ಕಬಿನಿಯದು 2,284 ಅಡಿ, ಲಿಂಗನಮಕ್ಕಿಯದು 1,819 ಅಡಿ, ಆಲಮಟ್ಟಿಯದು 519.60 ಮೀಟರ್. ನಿಂತ ನೀರು ಎಲ್ಲ ಕಡೆ ಒಂದೇ ಮಟ್ಟದಲ್ಲಿರುವುದರಿಂದ ಅಣೆಕಟ್ಟೆಯ ನಿರ್ಬಂಧಿತ ಜಾಗಕ್ಕೆ ಹೋಗದೆ, ಹಿನ್ನೀರಿನ ಅಂಚಿನ ಯಾವ ಹಳ್ಳಿಯಲ್ಲಾದರೂ ನೀರಿನ ಪಕ್ಕ ಫೋನಿಟ್ಟು ಹೊಂದಿಸಿಕೊಳ್ಳಬಹುದು. ಕೆಆರ್‌ಎಸ್‌ನ 124.80 ಅಡಿಯನ್ನು ಮಾತ್ರ ಹೀಗೆ ಬಳಸಬಾರದು. ಅದು ಅಣೆಕಟ್ಟೆಯ ಸ್ಥಳೀಯ ಅಳತೆ, ಸಮುದ್ರ ಮಟ್ಟದ್ದಲ್ಲ.

ಹೊಂದಿಸಿಕೊಂಡ ನಂತರ ಬರೆದಿಡುವ ಪ್ರತಿ ಎತ್ತರದ ಪಕ್ಕದಲ್ಲೂ ಅದರ ಮೂಲ ಯಾವುದು, ಗಂಟೆ ಎಷ್ಟು, ಆಗಿನ ವಾಯುಭಾರವೆಷ್ಟು, ಕೊನೆಯ ಹೊಂದಾಣಿಕೆ ಎಲ್ಲಿ ಆಯಿತು ಎಂಬ ನಾಲ್ಕು ವಿವರಗಳನ್ನು ಸೇರಿಸಬೇಕು; ಇವಿಷ್ಟಿದ್ದರೆ ಉಷ್ಣಾಂಶದ, ದೈನಿಕ ಏರಿಳಿತದ ಮತ್ತು ಜಿಯಾಯ್ಡ್‌ನ ತಿದ್ದುಪಡಿಗಳನ್ನು ಮನೆಗೆ ಬಂದ ಮೇಲೂ ಮಾಡಬಹುದು.